ರಸ್ತೆಗೆ ಇಟ್ಟ ಎಡೆ

ರಸ್ತೆಗೂ ಹಸಿವಾಗುತ್ತದೆ ಎಂದು ಎಂಜಿನಿಯರಮ್ಮ ಬಾಯಿಬಿಟ್ಟದ್ದೇ ಎಲ್ಲಕ್ಕೂ ಮೂಲವಾಯಿತು.

ಅವಳು ಹೇಳಿದ್ದು ಕೆಟ್ಟ ಮನಸ್ಸಿನಿಂದೇನಲ್ಲ. ಮಾರನಕಟ್ಟೆ ಪುರಸಭೆಯ ಎಂಜಿನಿಯರು ತಸ್ನೀಮ್ ಬಾನು ವಯಸ್ಸಿನಲ್ಲಿ ಚಿಕ್ಕವಳು, ಕೆಲಸದಲ್ಲಿ ನಿಯತ್ತಿನವಳು. ಮೇಗಲಬೀದಿಗೆ ಹೊಸ ರಸ್ತೆ ಹಾಕಿಸಿದ ದಿನ ಜನರನ್ನೆಲ್ಲ ಕೂಡಿಸಿ ಅವರಿಗೆ ತಿಳಿಯುವ ಮಾತಿನಲ್ಲೇ ಹೇಳಿದಳು. ಈ ರಸ್ತೆಯ ಗಾರೆಯೊಳಗೆ ಕಣ್ಣಿಗೆ ಕಾಣದ ಜೀವಗಳನ್ನು ಬೆರೆಸಿದೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅವು ಒಣಗಿಕೊಂಡು ಮಲಗಿರುತ್ತವೆ. ರಸ್ತೆ ಬಿರುಕು ಬಿಟ್ಟು ನೀರು ಒಳಗಿಳಿದರೆ ಏಳುತ್ತವೆ, ತಮ್ಮ ಪಾಲಿನದನ್ನು ತಿನ್ನುತ್ತವೆ, ತಿಂದು ಸುಣ್ಣದ ಕಲ್ಲು ಕಕ್ಕುತ್ತವೆ. ಬಿರುಕು ಮುಚ್ಚಿದ ಮೇಲೆ ಮತ್ತೆ ಮಲಗುತ್ತವೆ.

"ಹಸಿವಾದಾಗ ಮಾತ್ರ ರಸ್ತೆ ಹಾಳಾಗತ್ತೆ. ಅದಕ್ಕೆ ಮಳೆಗಾಲದ ಮುಂಚೆ ವರ್ಷಕ್ಕೊಂದು ಸಲ ಪುರಸಭೆಯಿಂದಲೇ ಟ್ಯಾಂಕರಿನಲ್ಲಿ ಊಟ ಹಾಕ್ತೀವಿ. ನೀವೇನೂ ಮಾಡಬೇಕಾಗಿಲ್ಲ" ಅಂದಳು.

ಹೆಂಗಸರ ಗುಂಪಿನಲ್ಲಿ ಕಿಸಕ್ಕೆಂದು ನಗು ಎದ್ದಿತು.

"ಪುರಸಭೆಯೋರು ಊಟ ಹಾಕ್ತಾರಂತೆ ಕಣೇ."

"ನಲ್ಲೀಲಿ ನೀರು ಬಿಡಕ್ಕೆ ಯೋಗ್ತೆ ಇಲ್ಲ. ಇವರನ್ನ ನಂಬ್ಕಂಡ್ರೆ ಪಾಪ, ರಸ್ತೆ ಉಪವಾಸ ಬಿದ್ದು ಸಾಯ್ತದೆ."

ಆ ಬೀದಿ ಪುರಸಭೆಯನ್ನು ನಂಬಿ ಕೆಟ್ಟ ಬೀದಿ. ಜಲ್ಲಿ ತಂದು ಸುರಿದು ಹೋದವರು ಮತ್ತೆ ಬಾರದೆ, ಆ ಜಲ್ಲಿಯ ಮೇಲೆ ಹುಲ್ಲು ಬೆಳೆದು, ಹುಲ್ಲನ್ನು ಮೇಕೆ ಮೇದು ಹೋದದ್ದನ್ನು ಕಂಡವರು ಅಲ್ಲಿನ್ನೂ ಬದುಕಿದ್ದರು. ಹೀಗಾಗಿ ಮಾರನೆಯ ಬೆಳಗ್ಗೆಯೇ ರಸ್ತೆಯ ಹೊಟ್ಟೆಪಾಡನ್ನು ಮನೆಮನೆಯವರು ವಹಿಸಿಕೊಂಡರು. ಬಾಗಿಲಿಗೆ ನೀರು ಹಾಕುವುದು ಹೇಗೂ ಇದ್ದದ್ದೇ. ಆ ಸಗಣಿನೀರಿಗೆ ಒಂದು ಚೆಂಬು ಗಂಜಳ ಸೇರಿತು. ಎಂಜಿನಿಯರಮ್ಮ ಸುಣ್ಣದ ಕಲ್ಲು ಅಂದಿದ್ದಳಲ್ಲ, ಸುಣ್ಣದ ತಿಳಿ ಸೇರಿತು. ಬರೀ ಸಪ್ಪೆ ಹಾಕಿದರೆ ಹೇಗೆ ಅಂತ ಬೆಲ್ಲದ ನೀರೂ ಸೇರಿತು. ಹಿಟ್ಟಿನ ಗಿರಣಿಯ ಸರ್ವಮಂಗಳಮ್ಮ ಅಮಾವಾಸ್ಯೆಗೆ ಬಾಳೆಲೆ ಹಾಸಿ ರಸ್ತೆಗೆ ಎಡೆಯನ್ನೇ ಇಟ್ಟಳು. ಆಮೇಲೆ ಕೇಳಬೇಕೆ? ಅವರ ಮನೆ ಮುಂದೆ ರಸ್ತೆ ಮಿರಮಿರ ಮಿಂಚುತ್ತಿದೆ, ನಮ್ಮ ಮನೆ ಮುಂದೆ ಯಾಕೆ ಮಂಕಾಗಿದೆ ಎಂಬ ಪೈಪೋಟಿ ಹುಟ್ಟಿತು.

ಸಾಕಮ್ಮ ಇದನ್ನೆಲ್ಲ ನೋಡಿದ್ದಳು. ಮೇಗಲಬೀದಿ, ಅದರ ಕೆಳಗಿನ ಕುಂಬಾರಪಾಳ್ಯ, ಎರಡೂ ಸೇರಿದ ವಾರ್ಡಿಗೆ ಅವಳೇ ಮೆಂಬರು. ಹುಟ್ಟಿದ್ದು ಪಾಳ್ಯದಲ್ಲಿ. ಮದುವೆಯಾದ ಮೇಲೆ ಗಂಡನ ಜೊತೆ ಮೇಗಲಬೀದಿಗೆ ಬಂದು ನೆಲೆ ನಿಂತವಳು. ರಸ್ತೆ ಹಾಕಿಸ್ತೀನಿ ಅಂತ ಮಾತು ಕೊಟ್ಟು ಗೆದ್ದಳು, ಹಾಕಿಸಿದಳು. ಜನ ಅಕ್ಕರೆಯಿಂದ ಒಂದಿಷ್ಟು ನೀರು ಹಾಕಿದರೆ ತಪ್ಪೇನು ಅಂತ ಅವಳೂ ಸುಮ್ಮನಿದ್ದಳು. ಅವಳ ಸೊಸೆ ನೇತ್ರಾವತಿಯೂ ಹಾಕುತ್ತಿದ್ದಳು.

ಎರಡು ಮಳೆಗಾಲ ರಸ್ತೆಯಲ್ಲಿ ಒಂದು ಸಾಸಿವೆ ಕಾಳಿನಷ್ಟು ಗುಂಡಿಯೂ ಬೀಳಲಿಲ್ಲ. ಮೂರನೆಯದರಲ್ಲಿ ಜಡಿಮಳೆ ಹಿಡಿಯಿತು.

*

ಪುರಸಭೆಯ ಮಹಡಿಯಲ್ಲಿ ಹಳೇ ಕಡತಗಳನ್ನು ತುಂಬಿದ್ದ ಕೋಣೆಯನ್ನು ತೆರವು ಮಾಡಿ ರಸ್ತೆಯ ಉಸ್ತುವಾರಿಗೆ ಬಿಟ್ಟಿದ್ದರು. ಗೋಡೆಗೆ ದೊಡ್ಡ ಪರದೆ. ರಸ್ತೆಯ ಮೈಯೊಳಗೂ ಅದರ ಬದಿಯ ಕಟ್ಟೆಯೊಳಗೂ ಕೂದಲಿನಷ್ಟು ತೆಳ್ಳನೆಯ ತಂತಿಗಳನ್ನು ಹೂತಿದ್ದರು; ಎಲ್ಲಿ ತೇವ, ಎಲ್ಲಿ ಬಿರುಕು, ಎಲ್ಲೆಷ್ಟು ದಪ್ಪ ಎಂದು ಅವು ಹೇಳಿದ್ದು ಪರದೆಯ ಮೇಲೆ ಬಣ್ಣವಾಗಿ ಮೂಡುತ್ತಿತ್ತು. ಮಧ್ಯಾಹ್ನ ತಸ್ನೀಮ್ ಹೇಳಿಕಳಿಸಿದಳೆಂದು ಸಾಕಮ್ಮ ಸೆರಗು ತಲೆಗೆ ಹೊದ್ದು ಮಳೆಯಲ್ಲೇ ಬಂದಳು.

"ಇಲ್ನೋಡಿ ಅಮ್ಮ. ಹಸಿರಿದ್ರೆ ಸರಿಯಾಗಿದೆ ಅಂತ. ಕೆಂಪಾದ್ರೆ ಸವೆದಿದೆ ಅಂತ."

"ನಮ್ಮ ಬೀದಿ ಎರಡೂ ಅಲ್ವಲ್ಲಮ್ಮ. ಬೆಣ್ಣೆ ಬಳ್ದಂಗೆ ಬೆಳ್ಳಗೈತೆ."

"ಅದೇ. ದಪ್ಪಗಾಗಿದೆ. ಎಷ್ಟಿರಬೇಕೋ ಅದರ ಮೂರರಷ್ಟು." ತಸ್ನೀಮ್ ಪರದೆಯ ಮೇಲೆ ಬೆರಳಿಟ್ಟಳು. "ಸವೆದ್ರೆ ಕೂಗಿಕೋ ಅಂತ ಯಂತ್ರಕ್ಕೆ ಹೇಳಿಕೊಟ್ಟಿದ್ವಿ. ದಪ್ಪಗಾದ್ರೆ ಕೂಗಿಕೋ ಅಂತ ಯಾರೂ ಹೇಳಿಕೊಡಲಿಲ್ಲ."

ಪುರಸಭೆಯ ರಸ್ತೆ ದಪ್ಪಗಾದದ್ದನ್ನು ಯಾರು ತಾನೇ ಕಂಡಿದ್ದರು, ಹೇಳಿಕೊಡಲಿಕ್ಕೆ!

"ದಪ್ಪಗಾದ್ರೆ ಒಳ್ಳೇದೇ ಅಲ್ವಾ?" ಸಾಕಮ್ಮ ಕೇಳಿದಳು.

ತಸ್ನೀಮ್ ಇನ್ನೊಂದು ಚಿತ್ರ ತೆಗೆದಳು. ಮೇಗಲಬೀದಿಯ ಅಡಿಯಲ್ಲಿ ಹಾದುಹೋಗುವ ದೊಡ್ಡ ಮೋರಿ ಅದು. ಮೇಲುಕೆರೆ ಕೋಡಿ ಬಿದ್ದರೆ ಆ ನೀರು ಈ ಮೋರಿಯಲ್ಲೇ ಹಾದು ಊರ ಆಚೆಯ ಗದ್ದೆಬಯಲಿಗೆ ಹೋಗಬೇಕು, ಬೇರೆ ದಾರಿಯಿಲ್ಲ. ಬೆಳಗ್ಗೆ ಅವಳು ಮೋರಿಯೊಳಗೆ ಇಲಿಯಷ್ಟು ಚಿಕ್ಕ ಕ್ಯಾಮರಾ ಗಾಡಿ ಬಿಟ್ಟಿದ್ದಳು. ಬೀದಿಯ ಮೇಲುತಿರುವಿನ ತನಕ ಮೋರಿ ಬಾಯಿಬಿಟ್ಟುಕೊಂಡೇ ಇತ್ತು. ಅಲ್ಲಿಂದ ಮುಂದೆ, ಮನೆಗಳು ಶುರುವಾಗುವ ಕಡೆ, ಸುತ್ತಲೂ ಬೆಳ್ಳನೆ ಕಲ್ಲು ಬೆಳೆದು ಗಂಟಲು ಕಟ್ಟಿತ್ತು. ಒಂದು ತೆಂಗಿನಕಾಯಿ ತೂರುವಷ್ಟೂ ಸಂದು ಉಳಿದಿರಲಿಲ್ಲ.

"ನಾನು ಲೆಕ್ಕ ಹಾಕಿದ್ದು ವರ್ಷಕ್ಕೊಂದು ಊಟಕ್ಕೆ. ನೀವು ದಿನಾ ಹಾಕಿದೀರಿ. ತಿಂದದ್ದೆಲ್ಲ ಕಲ್ಲಾಗಿದೆ. ಮೇಲೆ ಜಾಗ ಇಲ್ಲ ಅಂತ ಕೆಳಗೆ ಮೋರಿಗಿಳಿದಿದೆ. ಅದಕ್ಕೆ ಬಿರುಕೂ ಒಂದೇ, ಮೋರೀನೂ ಒಂದೇ. ತೇವ ಇರೋ ಸಂದು ಕಂಡ್ರೆ ಮುಚ್ಚತ್ತೆ."

"ಕೆರೆ?"

"ನಾಳೆ ಮಧ್ಯಾಹ್ನದೊಳಗೆ ಕೋಡಿ ಬೀಳತ್ತೆ. ನೀರು ತಿರುವಿನ ತನಕ ಬಂದು, ಮುಂದೆ ಹೋಗೋಕಾಗದೆ ಹಿಂದಕ್ಕೆ ಒತ್ತತ್ತೆ. ಬದಿಯ ಕಟ್ಟೆ ಒಡೆದ್ರೆ..."

ಮುಂದಿನದನ್ನು ಅವಳು ಹೇಳಬೇಕಾಗಿರಲಿಲ್ಲ. ಬದಿಯ ಕಟ್ಟೆಯ ಆಚೆ ಇರುವುದು ಕುಂಬಾರಪಾಳ್ಯ. ತಲೆತಲಾಂತರದಿಂದ ಮಣ್ಣು ತೆಗೆದು ತೆಗೆದು ಬೋಗುಣಿಯಾದ ಜಾಗ. ಅಲ್ಲಿಗೆ ಬಂದ ನೀರು ಹೊರಗೆ ಹೋಗುವುದು ಬಿಸಿಲಿನ ಮೂಲಕ ಮಾತ್ರ.

"ಏನು ಮಾಡಬೇಕು ಹೇಳಮ್ಮ."

"ತಿರುವಿನಲ್ಲಿ ರಸ್ತೆ ಒಡೆದು ಮೋರಿಯ ನೆತ್ತಿ ತೆಗೀಬೇಕು. ಆಗ ನೀರು ಮೇಲಕ್ಕೆ ಬಂದು ಬೀದಿ ಉದ್ದಕ್ಕೂ ಹರಿದು ಬಯಲಿಗೆ ಹೋಗತ್ತೆ. ಮೇಗಲಬೀದಿ ಹೊಳೆ ಆಗತ್ತೆ, ತಗ್ಗಿನ ಮನೆಗಳಿಗೆ ನೀರು ನುಗ್ಗತ್ತೆ. ಆದ್ರೆ ಜೀವ ಹೋಗಲ್ಲ."

ಇಬ್ಬರೂ ಚೀಫ್ ಆಫೀಸರ ಕೋಣೆಗೆ ಹೋದರು. ಅವರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ಪ್ರಯೋಗದ ರಸ್ತೆ ಸಾಕಮ್ಮನವರೇ. ದೇಶದೇಶದಿಂದ ಬಂದು ನೋಡ್ಕೊಂಡು ಹೋಗಿದಾರೆ. ಅದಕ್ಕೊಂದು ಮೊಳೆ ಹೊಡೀಬೇಕಾದ್ರೂ ಮೇಲಿಂದ ಅಪ್ಪಣೆ ಬರಬೇಕು."

"ಮೇಲಿಂದ ಬತ್ತಾ ಐತಲ್ಲ ಸ್ವಾಮಿ, ಕೆರೆ ನೀರು."

ಅವರು ಕನ್ನಡಕ ಹಾಕಿಕೊಂಡರು. ಬರೆದು ಕೇಳ್ತೀನಿ, ಅಲ್ಲೀತನಕ ಯಾರೂ ಕೈ ಹಚ್ಚಬಾರದು ಅಂದರು. ಜೆಸಿಬಿಯ ಬೀಗದಕೈ ತಮ್ಮ ಮೇಜಿನ ಡ್ರಾಯರಿಗೆ ಹಾಕಿಕೊಂಡರು. ಕೆಟ್ಟ ಮನುಷ್ಯರೇನಲ್ಲ. ಸಹಿಯಿಲ್ಲದೆ ಕೆಲಸ ಮಾಡಿ ಹಿಂದೆ ಒಮ್ಮೆ ಕೈ ಸುಟ್ಟುಕೊಂಡವರು.

*

ಬೆಳಗಾಗುವಾಗ ಬಾಗಿಲಾಚೆ ಬಕೆಟ್ಟಿನ ಸದ್ದು ಕೇಳಿ ಸಾಕಮ್ಮ ಎದ್ದು ಬಂದಳು. ಮಳೆ ತುಸು ಬಿಟ್ಟಿತ್ತು. ನೇತ್ರಾವತಿ ಸೀರೆ ಎತ್ತಿಕಟ್ಟಿ ಗಂಜಳದ ನೀರು ಚುಮುಕಿಸುತ್ತಿದ್ದಳು.

"ಬ್ಯಾಡ ಅಂತ ರಾತ್ರೀನೇ ಹೇಳ್ಲಿಲ್ವೇನೇ?"

"ಒಂದು ಚೆಂಬು ಅತ್ತೆ. ಅಕ್ಕಪಕ್ಕದೋರೆಲ್ಲ ಹಾಕವ್ರೆ. ನಮ್ಮನೆ ಮುಂದೆ ಮಾತ್ರ ಬಿಟ್ರೆ ಮೆಂಬರ ಮನೆಯೋರೇ ರಸ್ತೆ ಉಪವಾಸ ಕೆಡವವ್ರೆ ಅಂತಾರೆ."

"ಅನ್ಲಿ."

"ನಿಮಗೇನು, ಪುರಸಭೆಗೆ ಹೋಯ್ತೀರಿ. ನಲ್ಲಿ ತಾವ ನಿಂತು ಅನ್ನಿಸಿಕಳೋಳು ನಾನು."

ಸಾಕಮ್ಮ ಚೆಂಬು ಕಿತ್ತುಕೊಂಡು ನೀರನ್ನು ಹಿತ್ತಲಿಗೆ ಚೆಲ್ಲಿದಳು. ಬೀದಿಯುದ್ದಕ್ಕೂ ಕಣ್ಣು ಹಾಯಿಸಿದರೆ ಮನೆಮನೆಯ ಮುಂದೆಯೂ ಹೆಂಗಸರು ಬಗ್ಗಿದ್ದರು. ಅವಳು ಒಬ್ಬೊಬ್ಬರ ಹತ್ತಿರ ಹೋಗಿ ಹೇಳಿದಳು. ಕೆಲವರು ಹೂಂ ಅಂದು ಅವಳ ಬೆನ್ನು ತಿರುಗುತ್ತಲೇ ಹಾಕಿದರು. ಕೆಲವರು ಎದುರಿಗೇ ಹಾಕಿದರು.

ಅಲ್ಲಿಂದ ಅವಳು ಪಾಳ್ಯದ ಕಡೆಗೆ ಇಳಿದಳು. ಹೋಗಲು ಇರುವುದು ಒಂದೇ ದಾರಿ, ಹಳ್ಳ ದಾಟಿಕೊಂಡು. ಹಳ್ಳ ಆಗಲೇ ತುಂಬಿ ಕೆಂಪಗೆ ಓಡುತ್ತಿತ್ತು. ಆಚೆ ದಡದಲ್ಲಿ ಅವಳ ಅಣ್ಣ ಚಿಕ್ಕೀರಣ್ಣ ಗೋಣಿಚೀಲ ಕೊಪ್ಪೆ ಹಾಕಿಕೊಂಡು ನಿಂತಿದ್ದ. ಇಬ್ಬರೂ ಕೂಗಿ ಕೂಗಿ ಮಾತಾಡಿದರು.

"ಅಣ್ಣಾ, ಎಲ್ಲಾರೂ ಮೇಲಕ್ಕೆ ಬನ್ನಿ. ಕೆರೆ ಕೋಡಿ ಬೀಳ್ತದಂತೆ."

"ಹೆಂಗೆ ಬರನ? ಹಳ್ಳ ನೋಡ್ದಾ?"

"ಕಟ್ಟೆ ಕಲ್ಲುಗೋಡೆಗೆ ಏಣಿ ಹಾಕ್ಕಂಡು ಹತ್ತಿ."

"ಹತ್ತೋ ಅಂಥೋರು ಹತ್ತವ್ರೆ. ಮನೇಲಿ ಹಸಿ ಬಾಣಂತಿ ಅವಳೆ, ಕೂಸು ಕಣ್ಣು ಬಿಟ್ಟು ವಾರ ಆಗಿಲ್ಲ. ಹನುಮವ್ವಜ್ಜಿ ಮಂಚ ಬಿಟ್ಟು ಏಳಲ್ಲ. ಇಂಥೋರು ಮನೆಗೊಬ್ಬರು ಅವ್ರೆ. ಏಣಿ ಹತ್ತುಸ್ಲಾ?" ಅವನು ಬೀದಿಯ ಕಡೆ ಕೈ ತೋರಿಸಿ ಕೂಗಿದ. "ಮೋರಿ ಐತಲ್ಲ, ನಮ್ಮ ಅಪ್ಪನ ಕಾಲದಿಂದ ಇಲ್ಲಿಗೆ ಕೆರೆ ನೀರು ಬಂದಿಲ್ಲ. ಯಾಕಿಂಗೆ ಹೆದರ್ತೀಯೆ?"

ಮೋರಿ ಕಟ್ಟಿಕೊಂಡದ್ದು ಅವನಿಗೆ ಗೊತ್ತಿರಲಿಲ್ಲ. ಅವಳು ಬಂದ ದಾರಿಯಲ್ಲೇ ಮೇಲೆ ಹತ್ತಿದಳು. ಮನೆಗೆ ಹೋಗಿ ಹಿತ್ತಲಿನ ಹಾರೆ ತೆಗೆದು ಹೆಗಲಿಗಿಟ್ಟುಕೊಂಡಳು.

*

ಮೇಲುತಿರುವಿನಲ್ಲಿ ಇದ್ದದ್ದು ಸರ್ವಮಂಗಳಮ್ಮನ ಮನೆ, ಅದಕ್ಕೆ ಅಂಟಿಕೊಂಡು ಗಿರಣಿ. ತಸ್ನೀಮ್ ಮೊದಲೇ ಬಂದು ಎಲ್ಲಿ ಒಡೆಯಬೇಕೆಂದು ರಸ್ತೆಯ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಹೊಡೆದಿದ್ದಳು. ಎತ್ತಿನ ಗಾಡಿ ನಿಲ್ಲುವಷ್ಟು ಅಗಲ. ಸಾಕಮ್ಮ ಬರುವ ಹೊತ್ತಿಗೆ ಆ ಗೆರೆಯ ನಟ್ಟನಡುವೆ ಸರ್ವಮಂಗಳಮ್ಮ ಕಾಲು ಮಡಚಿ ಕೂತಿದ್ದಳು. ಸುತ್ತ ಬೀದಿಯ ಜನ. ಮಳೆ ಮತ್ತೆ ಹಿಡಿದಿತ್ತು.

"ಬಂದ್ಯಾ ಮೆಂಬರಮ್ಮ? ಹಾರೆ ಹೊತ್ಕಂಡು ಬಂದಿದೀಯ. ಓಟು ಕೇಳಕ್ಕೆ ಬಂದಾಗ ಕೈ ಮುಗ್ಕಂಡು ಬಂದಿದ್ದೆ."

"ಅಕ್ಕ, ಮೇಲೇಳಿ. ಹೊತ್ತಿಲ್ಲ."

ಗುಂಪಿನಿಂದ ಒಬ್ಬ ಹೇಳಿದ: "ಎಷ್ಟಾದ್ರೂ ಪಾಳ್ಯದೋಳು. ತೌರಿಗೆ ನೀರು ಬತ್ತದೆ ಅಂತ ನಮ್ಮ ಮನೆಗೆ ನೀರು ಬಿಡಕ್ಕೆ ಬಂದವ್ಳೆ."

"ಹೌದು ಕಣಪ್ಪ" ಅಂದಳು ಸಾಕಮ್ಮ. "ಬಿಡಕ್ಕೇ ಬಂದಿರೋದು. ನನ್ನ ಮನೇನೂ ಇದೇ ಬೀದೀಲೈತೆ, ತಗ್ಗಿನಲ್ಲೈತೆ. ಮೊದಲು ನುಗ್ಗೋದು ಅಲ್ಲಿಗೇ. ಸೊಸೆ ಅಕ್ಕಿಮೂಟೆ ಅಟ್ಟಕ್ಕೆ ಹಾಕ್ತಾ ಅವಳೆ, ನೀವೂ ಹಾಕ್ಕಳಿ. ಇಲ್ಲಿ ಬಂದು ನಿಂತ್ಕಂಡು ಅಕ್ಕಿ ನೆನೆಸಿಕಬ್ಯಾಡಿ."

ಒಂದಿಬ್ಬರು ಹೆಂಗಸರು ಗಾಬರಿಯಿಂದ ಮನೆ ಕಡೆ ಓಡಿದರು. ಸರ್ವಮಂಗಳಮ್ಮ ಮಾತ್ರ ಅಲ್ಲಾಡಲಿಲ್ಲ.

ಅವಳು ಆ ಜಾಗದಲ್ಲಿ ಕೂತದ್ದು ಬರೀ ಹಟದಿಂದಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಿಂದೆ ಇದೇ ತಿರುವಿನಲ್ಲಿ ಮೊಣಕಾಲುದ್ದದ ಗುಂಡಿಯಿತ್ತು. ಮಳೆಯಲ್ಲಿ ನೀರು ತುಂಬಿ, ಗುಂಡಿ ಯಾವುದು ರಸ್ತೆ ಯಾವುದು ಕಾಣದೆ, ಅವಳ ಗಂಡ ಸ್ಕೂಟರು ಸಮೇತ ಬಿದ್ದು ಮೇಲೇಳಲಿಲ್ಲ. ಮುಚ್ಚಿಸಿ ಮುಚ್ಚಿಸಿ ಎಂದು ಅದಕ್ಕೆ ಮೊದಲು ಆತ ಪುರಸಭೆಗೆ ಅಲೆದದ್ದೂ ಎಲ್ಲರಿಗೂ ಗೊತ್ತಿತ್ತು. ಹೊಸ ರಸ್ತೆ ಬಂದ ದಿನ ಅವಳು ಅಂಗೈಯಿಂದ ಆ ಜಾಗವನ್ನು ಸವರಿ ನೋಡಿದ್ದಳು. ದಿನವೂ ಅದಕ್ಕೆ ಹಾಕಿದ್ದು ನಿಜಕ್ಕೂ ಊಟವೇ.

ತಸ್ನೀಮ್ ಕೈಯಲ್ಲಿದ್ದ ಫೋನು ನೋಡಿ ಸಾಕಮ್ಮನ ಕಿವಿಯಲ್ಲಿ ಹೇಳಿದಳು: "ಕೋಡಿ ಬಿತ್ತು ಅಮ್ಮ. ನೀರು ಮೋರಿಗೆ ಬಂದಿದೆ."

ಕಾಲ ಕೆಳಗೆ ಎಲ್ಲೋ ಆಳದಲ್ಲಿ ಬೀಸುಕಲ್ಲು ತಿರುಗಿದಂತೆ ಗುರ್ರೆನ್ನುವ ಸದ್ದು ಶುರುವಾಯಿತು. ಕೂತಿದ್ದ ಸರ್ವಮಂಗಳಮ್ಮನ ಮೈಗೂ ಅದು ತಾಗಿರಬೇಕು. ಒಂದು ಕೈ ನೆಲಕ್ಕೆ ಊರಿದಳು.

"ಸಾಕೂ" ಅಂದಳು. ಮೆಂಬರಮ್ಮ ಹೋಗಿ ಸಾಕು ಆದದ್ದನ್ನು ಎಲ್ಲರೂ ಗಮನಿಸಿದರು. "ಒಂದು ಕೇಳ್ತೀನಿ. ನಿಜ ಹೇಳು. ಈಗ ಒಡೀತೀಯ. ಮಳೆ ನಿಂತ ಮೇಲೆ ಮೊದಲಿದ್ದಂಗೆ ಮುಚ್ಚುಸ್ತೀಯಾ?"

ಮುಚ್ಚಿಸ್ತೀನಿ ಅಕ್ಕ ಎನ್ನುವ ಮಾತು ಸಾಕಮ್ಮನ ನಾಲಿಗೆಯ ತುದಿಗೆ ತಾನಾಗಿ ಬಂದಿತು. ಆ ಒಂದು ಮಾತು ಆಡಿಬಿಟ್ಟರೆ ಹೆಂಗಸು ಏಳುತ್ತಾಳೆ, ಅಣ್ಣನ ಮನೆಯ ಕೂಸು ಉಳಿಯುತ್ತದೆ, ಮಿಕ್ಕಿದ್ದು ಆಮೇಲಿನದು. ಪುರಸಭೆಯ ಮೆಟ್ಟಿಲು ಹತ್ತಿದವರೆಲ್ಲ ಅದನ್ನೇ ಆಡುತ್ತಾ ಬಂದಿದ್ದರು. ಅವಳು ತಸ್ನೀಮಳ ಮುಖ ನೋಡಿದಳು. ಹಿಂದಿನ ದಿನವೇ ಎಲ್ಲ ಬಿಡಿಸಿ ಹೇಳಿದ್ದ ತಸ್ನೀಮ್ ಇಲ್ಲವೆಂದು ತಲೆಯಾಡಿಸಿದಳು.

"ಇಲ್ಲಕ್ಕ" ಅಂದಳು ಸಾಕಮ್ಮ. "ಮುಚ್ಚಕ್ಕಾಗಲ್ಲ. ಮೋರಿ ಪೂರ್ತಿ ಕೆರೆದು ತೆಗೆಯೋ ಗಂಟ ಇಲ್ಲೊಂದು ಬಾಯಿ ತೆರೆದೇ ಇರಬೇಕು. ಎಷ್ಟು ವರ್ಷ ಹಿಡೀತದೋ ಗೊತ್ತಿಲ್ಲ. ರಸ್ತೆ ತಾನಾಗೇ ಮುಚ್ಚಿಕಳಕ್ಕೆ ನೋಡ್ತದೆ, ಅದನ್ನೂ ಮುಚ್ಚಕ್ಕೆ ಬಿಡಂಗಿಲ್ಲ. ನಿಮ್ಮ ಬಾಗಲ ಮುಂದೆ, ಇದೇ ಜಾಗದಲ್ಲಿ, ಗುಂಡಿ ಇರ್ತದೆ."

ಮಳೆ ಸುರಿಯುತ್ತಿತ್ತು. ಸರ್ವಮಂಗಳಮ್ಮ ಕೂತ ಜಾಗವನ್ನು ಒಮ್ಮೆ ಅಂಗೈಯಿಂದ ಸವರಿದಳು. ಆಮೇಲೆ ಮಂಡಿಯ ಮೇಲೆ ಕೈಯಿಟ್ಟು ನಿಧಾನವಾಗಿ ಎದ್ದಳು.

"ಇಷ್ಟು ವರ್ಷದಲ್ಲಿ ಪುರಸಭೆಯೋರು ಆಗಲ್ಲ ಅಂತ ನೇರವಾಗಿ ಹೇಳಿದ್ದು ಇದೇ ಮೊದಲು" ಅಂದಳು. "ನಮ್ಮ ಯಜಮಾನ್ರಿಗೆ ಆಗ್ತದೆ ಆಗ್ತದೆ ಅಂತಾನೇ ಹೇಳಿದ್ರು." ಸೆರಗಿನಿಂದ ಮುಖ ಒರೆಸಿಕೊಂಡಳು. ಅದು ಮಳೆಯ ನೀರೋ ಏನೋ. "ಹೊಡಿ. ಆದ್ರೆ ಸುತ್ತ ಬೇಲಿ ಹಾಕ್ಸು. ದೂರದಿಂದ ಬರೋರಿಗೆ ಕಾಣಬೇಕು."

ಸಾಕಮ್ಮ ಹಾರೆ ಎತ್ತಿ ಹಾಕಿದಳು. ಕಿಡಿ ಹಾರಿತು. ರಸ್ತೆಯ ಮೇಲೆ ಒಂದು ಬಿಳಿ ಚುಕ್ಕೆ ಬಿತ್ತು, ಅಷ್ಟೆ. ಮತ್ತೆ ಹಾಕಿದಳು. ಹೆಂಗಸರು ಅಷ್ಟೊಂದು ಅಕ್ಕರೆಯಿಂದ ಬೆಳೆಸಿದ ಕಲ್ಲು, ಒಂದೆರಡು ಏಟಿಗೆ ಬಗ್ಗುತ್ತದೆಯೇ? ಹಿಂದಿನಿಂದ ಯಾರೋ ಬಂದು ಹಾರೆಗೆ ಕೈ ಹಾಕಿದರು. ತೌರಿನ ಮಾತು ಆಡಿದ್ದನಲ್ಲ, ಅವನೇ.

"ಬಿಡಕ್ಕ ಅತ್ಲಾಗೆ. ಈ ಏಟಿಗೆ ಸಾಯಂಕಾಲ ಆಯ್ತದೆ."

ಗಿರಣಿಯಿಂದ ದೊಡ್ಡ ಸುತ್ತಿಗೆ ಬಂತು. ಪಿಕಾಸಿ ಬಂತು. ಅಡಿಯ ಸದ್ದು ಬೀಸುಕಲ್ಲಿನಿಂದ ಗುಡುಗಿನ ಮಟ್ಟಕ್ಕೆ ಏರಿತು. ತಸ್ನೀಮ್ ಫೋನಿನಿಂದ ಕಣ್ಣೆತ್ತದೆ "ಕಟ್ಟೆ ಜಿನುಗ್ತಾ ಇದೆ, ಪಾಳ್ಯದ ಕಡೆ ಜಿನುಗ್ತಾ ಇದೆ" ಅಂತ ಒಂದೇ ಸಮನೆ ಹೇಳುತ್ತಿದ್ದಳು. ಕಲ್ಲುಗೋಡೆಯ ಆಚೆಯಿಂದ ಹೆಂಗಸರ ಕೂಗು ಕೇಳಿಬಂತು. ಇಲ್ಲಿ ಸುತ್ತಿಗೆ ಹಿಡಿದವರು ತಲೆಯೆತ್ತಲಿಲ್ಲ, ಕೈ ಮಾತ್ರ ಚುರುಕಾಯಿತು.

ಗೆರೆಯ ಒಂದು ಮೂಲೆ ಮೊದಲು ಕುಸಿಯಿತು. ಒಳಗಿನಿಂದ ತಣ್ಣನೆಯ ಕೆಸರುಗಾಳಿ ನುಗ್ಗಿತು.

"ಸರೀರಿ, ಸರೀರಿ" ಎನ್ನುವಷ್ಟರಲ್ಲಿ ಉಳಿದದ್ದೂ ಬಾಯ್ದೆರೆದು ಎಮ್ಮೆಯ ಎತ್ತರಕ್ಕೆ ಕೆಂಪು ನೀರು ಚಿಮ್ಮಿತು. ಚಿಮ್ಮಿ, ಬೀದಿಯ ಇಳಿಜಾರು ಹಿಡಿದು, ಜಗುಲಿಗಳಿಗೆ ಬಡಿದು, ತಗ್ಗಿನ ಬಾಗಿಲುಗಳಿಗೆ ನುಗ್ಗಿ, ನುಣ್ಣನೆಯ ರಸ್ತೆಯ ಮೇಲೆ ಎಲ್ಲೂ ತಡೆಯದೆ ಬಯಲಿನ ಕಡೆ ಓಡಿತು. ಸಾಕಮ್ಮ ಗಿರಣಿಯ ಕಂಬ ತಬ್ಬಿಕೊಂಡು ನಿಂತಿದ್ದಳು. ತನ್ನ ಮನೆಯ ಮಣೆ, ಮೊರ, ನೇತ್ರಾವತಿಯ ಒಂದು ಚಪ್ಪಲಿ ತೇಲಿಹೋಗುವುದು ಕಾಣಿಸಿತು.

ತಸ್ನೀಮ್ ಫೋನನ್ನು ಎದೆಗೊತ್ತಿಕೊಂಡು ಗಿರಣಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಕಟ್ಟೆ ನಿಂತಿದೆ" ಅಂದಳು. "ಇಳೀತಾ ಇದೆ ಅಮ್ಮ. ಇಳೀತಾ ಇದೆ."

*

ಮೇಲಿನವರ ಅಪ್ಪಣೆ ಬಂತು, ರಸ್ತೆಯನ್ನು ಯಾರೂ ಮುಟ್ಟಕೂಡದು ಅಂತ. ಬರುವ ಹೊತ್ತಿಗೆ ಬೀದಿಯವರು ಮನೆಯೊಳಗಿನ ಕೆಸರು ಬಳಿದು ಮುಗಿಸಿದ್ದರು. ಅದನ್ನು ಚೀಫ್ ಆಫೀಸರು ಸಾಕಮ್ಮನಿಗೆ ಓದಿ ಹೇಳಿದರು. ಅವಳು ಕೇಳಿಕೊಂಡಳು. ಅವಳ ಮೇಲೆ ವಿಚಾರಣೆ ಇಟ್ಟರು, ಅದು ಇನ್ನೂ ನಡೆಯುತ್ತಿದೆ.

ರಸ್ತೆ ಅಪ್ಪಣೆಯನ್ನೂ ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಒಂದೇ ಕೆಲಸ. ಊಟ ನಿಲ್ಲಿಸಿದರೂ ತಿಂದದ್ದು ಒಳಗೆ ಬೇಕಾದಷ್ಟು ಉಳಿದಿತ್ತು. ಒಡೆದ ಬಾಯಿಯ ಅಂಚಿನಲ್ಲಿ ಹಾಲಿನ ಕೆನೆಯ ಹಾಗೆ ಬೆಳ್ಳಗೆ ಕಟ್ಟತೊಡಗಿತು. ರಾತ್ರಿ ಕಳೆದರೆ ಬೆರಳಷ್ಟು ಮುಂದೆ ಬಂದಿರುತ್ತಿತ್ತು. ಅದಕ್ಕೇ ದಿನವೂ ಬೆಳಗ್ಗೆ ಸರದಿಯ ಮೇಲೆ ಜನ ಬಂದು ಅಂಚನ್ನು ಕೆತ್ತಿ ಹಾಕುತ್ತಾರೆ. ಒಂದು ದಿನ ಮೇಗಲಬೀದಿಯವರು, ಒಂದು ದಿನ ಪಾಳ್ಯದವರು. ಚಿಕ್ಕೀರಣ್ಣ ಬಂದ ದಿನ ಮೇಗಲಬೀದಿಯವರು ಜಗುಲಿಯಲ್ಲಿ ಕೂತು ಕೆಲಸದಲ್ಲಿ ಹುಳುಕು ಹುಡುಕುತ್ತಾರೆ. ಮೇಗಲಬೀದಿಯವರ ಸರದಿಯ ದಿನ ಪಾಳ್ಯದವರು ಸುಮ್ಮನೆ ನೋಡಿಹೋಗಲು ಬರುತ್ತಾರೆ, ಮಾತಾಡದೆ ಹೋಗುವುದಿಲ್ಲ.

ಸರ್ವಮಂಗಳಮ್ಮನಿಗೆ ಸರದಿಯಿಲ್ಲ. ಗುಂಡಿಯ ಸುತ್ತ ಬಿದಿರು ನೆಟ್ಟು, ತನ್ನದೊಂದು ಕೆಂಪು ಸೀರೆ ಹರಿದು ಸುತ್ತಲೂ ಕಟ್ಟಿದ್ದಾಳೆ. ಗಿರಣಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ದಿನವಿಡೀ ಅದರ ಮೇಲೆ ಕಣ್ಣಿಟ್ಟಿರುತ್ತಾಳೆ.

ಮೊನ್ನೆ ಹೊರಗಿನೂರಿನವನೊಬ್ಬ ಸ್ಕೂಟರಿನಲ್ಲಿ ಭರ್ರೆಂದು ಬಂದವನು ಕೆಂಪು ಬಟ್ಟೆ ಕಂಡು ಬ್ರೇಕು ಒತ್ತಿ ನಿಂತ. ಒಂದು ಸಲ ಗುಂಡಿ ನೋಡಿದ, ಒಂದು ಸಲ ಗಾಜಿನಂಥ ರಸ್ತೆ ನೋಡಿದ.

"ಏನಮ್ಮ ಇದು, ಇಂಥಾ ರಸ್ತೇಲಿ ಗುಂಡಿ ತೋಡವ್ರಲ್ಲ. ಯಾವ ಪುಣ್ಯಾತ್ಮರ ಕೆಲಸ?"

ಅಂಚು ಕೆತ್ತುತ್ತಿದ್ದ ಸಾಕಮ್ಮ ಹಾರೆ ನಿಲ್ಲಿಸಿ ತಲೆಯೆತ್ತಿದಳು. ಅವಳು ಬಾಯಿ ತೆರೆಯುವ ಮೊದಲೇ ಸರ್ವಮಂಗಳಮ್ಮ ಕುರ್ಚಿಯಿಂದ ಹೇಳಿದಳು:

"ನಾವೇ ಕಣಪ್ಪ ತೋಡಿದ್ದು. ಇಳಿದು ತಳ್ಕಂಡು ಹೋಗು."